ಡಬ್ಬದೊಳಗಿನ ಆಟಗಾರರು: ಓದುಗರು ಕೇಳಿದ್ದು, ಹಾಸನದಿಂದ ಹೇಳಿದ್ದು

ಹೋದ ಸಂಚಿಕೆಲಿ ಅಂಚೆಚೀಟಿ ಬಗ್ಗೆ ಬರೀತಾ ಬರೀತಾ "ಅಮೆರಿಕದಲ್ಲಿದ್ದಾಗ ಭಾನುವಾರ ಬಂತು ಅಂದ್ರೆ ಕಾರ್ಡ್ ಶೋಗೆ ಹೋಗ್ತಿದ್ದೆ" ಅಂತ ಒಂದೇ ಒಂದು ಸಾಲು ಬರ್ದುಬಿಟ್ಟಿದ್ದೆ. ಅಷ್ಟಕ್ಕೇ ಅಂಚೆಚೀಟಿ ಮೂಲೆಗೆ ಹೋಯ್ತು, ಬಂದ ಪತ್ರ, ವಾಟ್ಸಾಪ್ ಎಲ್ಲಾ ಬರೀ ಕಾರ್ಡ್ ಬಗ್ಗೇನೇ. ಇಸ್ಪೀಟಾ ಅಂತ ಕೇಳಿದವರೂ ಒಬ್ರಿದ್ರು (ಅಲ್ಲ ಸ್ವಾಮಿ, ಆಟಗಾರರ ಫೋಟೋ ಇರೋ ಕಾರ್ಡು). ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ (ಸಕಲೇಶಪುರದಿಂದ): ಕಾರ್ಡ್ ಶೋ ಅಂದ್ರೆ ಏನು ಸಾರ್? ನಮ್ಮ ಕಡೆ ಜಾತ್ರೆ ತರಾನಾ, ಇಲ್ಲ ಸ್ಕೂಲ್ ಎಕ್ಸಿಬಿಷನ್ ತರಾನಾ? ಅಲ್ಲಿ ಹೋಗಿ ಏನು ಮಾಡ್ತಿದ್ರಿ, ಬಿಡಿಸಿ ಬರೀರಿ.

ಉತ್ತರ: ಜಾತ್ರೆನೇ ಅನ್ಕೊಳ್ಳಿ, ತೇರೊಂದಿಲ್ಲ ಅಷ್ಟೇ.

1988ರಿಂದ 1996ರ ತನಕ ಶಿಕಾಗೋ ಪಕ್ಕದ ಒಂದು ಊರಲ್ಲಿ ಕೆಲಸದಲ್ಲಿದ್ದೆ. ಹಾಸನದಲ್ಲಿ ಡಿಸೆಂಬರ್ ಬೆಳಗ್ಗೆ ಮಫ್ಲರ್ ಸುತ್ಕೊಂಡು ಇದೇ ದೊಡ್ಡ ಚಳಿ ಅನ್ಕೊಂಡಿದ್ದವನು ಅಲ್ಲಿ ಮೊದಲನೇ ಜನವರಿಗೆ ರೂಮಿಂದ ಆಚೆ ಬರಕ್ಕೇ ಹೆದರ್ಕೊಂಡು ಕೂತಿದ್ದೆ. ಆಫೀಸಲ್ಲಿ ಪಕ್ಕದ ಸೀಟಿನವನು ಒಬ್ಬ, ಸೋಮವಾರದಿಂದ ಗುರುವಾರದವರೆಗೆ ಬಾಯೇ ಬಿಡದ ಆಸಾಮಿ, ಶುಕ್ರವಾರ ಸಾಯಂಕಾಲ ಕೋಟು ಹಾಕ್ಕೊಳ್ತಾ "ಭಾನುವಾರ ಏನಾದ್ರೂ ಕೆಲಸ ಇದ್ಯಾ, ಬಾ ನಂಜೊತೆ" ಅಂದ. ಎಲ್ಲಿಗೆ ಅಂತ ಕೂಡ ಕೇಳ್ಲಿಲ್ಲ ನಾನು, ಯಾರೋ ಕರೆದ್ರಲ್ಲ ಅಂತ ಹೊರಟುಬಿಟ್ಟೆ, ಚಿತ್ರಾನ್ನದ ಡಬ್ಬಿ ಸಮೇತ.

ಹೈವೇ ಪಕ್ಕದ ಒಂದು ಹೋಟೆಲಿನ ಹಾಲ್. ನಮ್ಮಲ್ಲಿ ನಾಮಕರಣ, ಆರತಕ್ಷತೆಗೆ ಬಾಡಿಗೆ ಕೊಡ್ತಾರಲ್ಲ, ಅಂಥದ್ದು. ಬಾಗಿಲಲ್ಲಿ ಒಂದು ಡಾಲರ್ ಕೊಟ್ರೆ ಕೈಮೇಲೆ ಸೀಲ್ ಒತ್ತೋರು, ಊಟಕ್ಕೆ ಆಚೆ ಹೋಗಿ ಬಂದ್ರೆ ಮತ್ತೆ ಕೊಡಂಗಿಲ್ಲ. ಒಳಗೆ ಸಾಲಾಗಿ ಉದ್ದುದ್ದ ಟೇಬಲ್ಲು, ಪ್ರತಿ ಟೇಬಲ್ ಹಿಂದೆ ಮಡಚೋ ಕುರ್ಚಿ ಮೇಲೆ ಒಬ್ಬ, ಮುಂದೆ ಗಾಜಿನ ಪೆಟ್ಟಿಗೆಲಿ ಬೆಲೆಬಾಳೋ ಕಾರ್ಡು, ಪಕ್ಕದಲ್ಲಿ ಚಪ್ಪಲಿ ಬಾಕ್ಸಿಗಿಂತ ಮೂರು ಪಟ್ಟು ಉದ್ದ ಇರೋ ಬಿಳೀ ರಟ್ಟಿನ ಡಬ್ಬಗಳು. ಆ ಡಬ್ಬದ ಮುಂದೆ ಜನ ಬಗ್ಗಿ ನಿಂತು ಎರಡು ಬೆರಳಲ್ಲಿ ಕಾರ್ಡ್ ಸರಿಸ್ತಾ ಇರ್ತಿದ್ರು. ಹಾಲಿನೊಳಗೆ ಕಾಲಿಟ್ಟ ತಕ್ಷಣ ಕೇಳ್ಸಿದ್ದು ಅದೇ ಸದ್ದು, ಚರಚರಚರ ಅಂತ, ಅಡಿಕೆ ಸುಲಿಯೋ ಮನೇಲಿ ಹತ್ತು ಜನ ಒಟ್ಟಿಗೆ ಕೂತಾಗ ಬರುತ್ತಲ್ಲ, ಹಂಗೆ ನಿಲ್ಲದೆ.

ನಂಗೆ ಬೇಸ್‌ಬಾಲ್ ಅ ಆ ಇ ಈ ಗೊತ್ತಿರ್ಲಿಲ್ಲ. ಕ್ರಿಕೆಟ್ ತರಾನೇ ಏನೋ ಅಂತ ಬಿಟ್ಟುಬಿಟ್ಟಿದ್ದೆ. ಆದ್ರೆ ಕಾರ್ಡ್ ತಿರುಗಿಸಿ ನೋಡಿದ್ರೆ ಹಿಂದುಗಡೆ ಆ ಆಟಗಾರನ ಪೂರ್ತಿ ಜಾತಕ: ಹುಟ್ಟಿದ ಊರು, ಎತ್ತರ, ತೂಕ, ಯಾವ ವರ್ಷ ಎಷ್ಟು ಆಟ, ಎಷ್ಟು ಹೊಡೆತ. ಆಟ ಕಲ್ತಿದ್ದೇ ಹಂಗೆ ನಾನು, ಟಿವಿ ನೋಡಿ ಅಲ್ಲ, ಕಾರ್ಡಿನ ಬೆನ್ನು ಓದಿ. ಮೊದಲು ತಗೊಂಡಿದ್ದು 1987ರ ಟಾಪ್ಸ್ ಕಂಪನಿ ಕಾರ್ಡು, ಐದು ಸೆಂಟಿನ ಡಬ್ಬದಿಂದ. ಅದರ ಅಂಚು ಪೂರ್ತಿ ಮರದ ಹಲಗೆ ತರ ಪ್ರಿಂಟು, ನಮ್ಮಪ್ಪನ ಹಳೇ ರೇಡಿಯೋ ಪೆಟ್ಟಿಗೆ ನೆನಪಾಯ್ತು, ಆಟಗಾರ ಯಾರು ಅಂತಾನೂ ನೋಡದೆ ಇಪ್ಪತ್ತು ಕಾರ್ಡ್ ಆರಿಸ್ಕೊಂಡು ಒಂದು ಡಾಲರ್ ಕೊಟ್ಟೆ. ಕರ್ಕೊಂಡು ಹೋದವನು ಏನೂ ಹೇಳ್ಲಿಲ್ಲ, ನಕ್ಕ ಅಷ್ಟೇ.

ಚೌಕಾಸಿ ಅಂದ್ರೆ ನಮ್ಮ ಕಟ್ಟಿನಕೆರೆ ಮಾರ್ಕೆಟ್ ಸುಮ್ನಿರ್ಬೇಕು. ಅಲ್ಲಿ ಬೆಕೆಟ್ ಅಂತ ತಿಂಗಳಿಗೊಂದು ಪುಸ್ತಕ ಬರ್ತಿತ್ತು, 1984ರಲ್ಲಿ ಶುರುವಾಗಿದ್ದು, ಸಂಖ್ಯಾಶಾಸ್ತ್ರದ ಮೇಷ್ಟ್ರೊಬ್ಬರು ಶುರು ಮಾಡಿದ್ದು. ಅದ್ರಲ್ಲಿ ಪ್ರತಿ ಕಾರ್ಡಿಗೂ ರೇಟು, ಏರಿದ್ರೆ ಮೇಲಕ್ಕೊಂದು ಬಾಣ, ಇಳಿದ್ರೆ ಕೆಳಕ್ಕೊಂದು ಬಾಣ. ನಮ್ಮನೇಲಿ ಒಂಟಿಕೊಪ್ಪಲ್ ಪಂಚಾಂಗ ಹೆಂಗೋ ಅವರಿಗೆ ಅದು ಹಂಗೆ, ಅದನ್ನ ನೋಡದೆ ಒಂದು ಹೆಜ್ಜೆ ಇಡ್ತಿರ್ಲಿಲ್ಲ. ಒಂದು ಸಲ ಹತ್ತು ವರ್ಷದ ಹುಡುಗ, ಪುಸ್ತಕ ಸುರುಳಿ ಸುತ್ತಿ ಹಿಂದಿನ ಜೇಬಿಗೆ ಸಿಗಿಸ್ಕೊಂಡಿದ್ದ, ಟೇಬಲ್ ಮುಂದೆ ನಿಂತ. ಕೆನ್ ಗ್ರಿಫಿ ಜೂನಿಯರ್ ಕಾರ್ಡು, 1989ರ ಅಪ್ಪರ್ ಡೆಕ್ ಕಂಪನಿ ಸೆಟ್ಟಿನ ನಂಬರ್ 1, ಆಗ ಎಲ್ಲಾ ಮಕ್ಕಳಿಗೂ ಅದೇ ಹುಚ್ಚು. ಆಟಗಾರನ ಮೊದಲನೇ ವರ್ಷದ ಕಾರ್ಡಿಗೆ ರೂಕಿ ಕಾರ್ಡ್ ಅಂತಾರೆ, ಬೆಲೆ ಜಾಸ್ತಿ. ಹುಡುಗ ಅಂಗಡಿಯವನ ಕಣ್ಣು ನೋಡ್ಲಿಲ್ಲ, ಕಾರ್ಡಿನ ನಾಲ್ಕು ಮೂಲೆ ನೋಡ್ದ, ಬೆಳಕಿಗೆ ಓರೆ ಹಿಡ್ದು ನೋಡ್ದ, "ಈ ಮೂಲೆ ಸ್ವಲ್ಪ ಮೊಂಡಾಗಿದೆ" ಅಂದ. ಐವತ್ತು ವರ್ಷದ ಅಂಗಡಿಯವನು ಕನ್ನಡಕ ಏರಿಸಿ ತಾನೂ ನೋಡ್ದ. ಇಬ್ರೂ ಐದು ನಿಮಿಷ ಆ ಮೂಲೆ ಬಗ್ಗೆ ಮಾತಾಡಿದ್ರು, ಆಮೇಲೆ ಹುಡುಗ ಪುಸ್ತಕ ತೆಗ್ದು ಪುಟ ತೋರ್ಸ್ದ, ಅವನು ತಲೆ ಕೆರ್ಕೊಂಡ, ಕೊನೆಗೆ ಹುಡುಗನ ಕೈಲಿದ್ದ ಇನ್ನೆರಡು ಕಾರ್ಡು ಮತ್ತೆ ಸ್ವಲ್ಪ ಚಿಲ್ಲರೆ ಇಸ್ಕೊಂಡು ಕೊಟ್ಟ. ಚಿಲ್ಲರೆ ಎಣಿಸಿದ್ದು ಹುಡುಗನೇ. ಮಾತು ಮುಗಿಯೋ ತನಕ ಅಂಗಡಿಯವನು ಒಂದ್ಸಲಾನೂ ಅವನನ್ನ ಮಗು ಅಂತ ಕರೀಲಿಲ್ಲ, ಅದೇ ನಂಗೆ ಹಿಡ್ಸಿದ್ದು.

ಇದೊಂದೇ ಹೋಟೆಲಲ್ಲ. ಮಾಲ್‌ಗಳ ನಡುದಾರಿಲಿ, ಚರ್ಚ್ ಹಾಲಲ್ಲಿ, ಫೈರ್ ಸ್ಟೇಷನ್ ಹಾಲಲ್ಲಿ, ಎಲ್ಲೆಂದ್ರಲ್ಲಿ ನಡೀತಿತ್ತು. ವರ್ಷಕ್ಕೊಂದು ದೇಶಕ್ಕೆಲ್ಲಾ ಸೇರಿ ದೊಡ್ಡದೊಂದು, ಅದನ್ನ ಬರೀ 'ನ್ಯಾಷನಲ್' ಅಂತಿದ್ರು, 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿದ್ದು. ಕೆಲವು ಶೋಗೆ ಹಳೇ ಆಟಗಾರರು ಬಂದು ಕೂತು ಸಹಿ ಹಾಕ್ತಿದ್ರು, ಸಹಿಗೂ ಟಿಕೆಟ್ಟು. ದೇವಸ್ಥಾನದಲ್ಲಿ ವಿಶೇಷ ದರ್ಶನದ ಕ್ಯೂ ಇದ್ದಂಗೆ ಅನ್ಸೋದು, ಹಾಸನಾಂಬೆ ಬಾಗಿಲು ತೆಗೆದಾಗ ನಿಂತವರಿಗೆ ಬೇರೆ ಹೇಳ್ಬೇಕಾ.

ಮರೆಯೋಕಾಗದ ಭಾನುವಾರಗಳು ಅಂದ್ರೆ 1994ರವು. ಹಿಂದಿನ ಅಕ್ಟೋಬರಲ್ಲಿ ಮೈಕಲ್ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟೆ ಅಂದುಬಿಟ್ಟಿದ್ದ, ಶಿಕಾಗೋಗೆ ಸೂತಕ. ಫೆಬ್ರವರಿಲಿ ನೋಡಿದ್ರೆ ಬೇಸ್‌ಬಾಲ್ ಆಡ್ತೀನಿ ಅಂತ ಸಹಿ ಹಾಕಿ ಬರ್ಮಿಂಗ್‌ಹ್ಯಾಮ್ ಅನ್ನೋ ಊರಿನ ಸಣ್ಣ ಟೀಮಿಗೆ ಆಡಕ್ಕೆ ಹೋದ. ಅವನ ಬೇಸ್‌ಬಾಲ್ ಕಾರ್ಡಿಗೆ ಟೇಬಲ್ ಟೇಬಲ್ಲಿಗೆ ಜನ ಮುತ್ಕೊಂಡಿದ್ರು. ಅದೇ ವರ್ಷ ಆಗಸ್ಟ್ 12ಕ್ಕೆ ಬೇಸ್‌ಬಾಲ್ ಆಟಗಾರರೆಲ್ಲಾ ಮುಷ್ಕರ ಹೂಡಿದ್ರು, ವರ್ಷದ ಕೊನೆ ಫೈನಲ್ ಪಂದ್ಯಗಳೇ ರದ್ದಾದವು. ಮುಂದಿನ ಚಳಿಗಾಲದ ಶೋಗೆ ಹೋದ್ರೆ ಅರ್ಧ ಟೇಬಲ್ ಖಾಲಿ, ಉಳಿದವರು ಕಾಫಿ ಕುಡೀತಾ ತಮ್ಮತಮ್ಮಲ್ಲೇ ಮಾತಾಡ್ತಾ ಕೂತಿದ್ರು.

ಅಂಥದ್ದೇ ಒಂದು ಖಾಲಿ ಭಾನುವಾರ, ಬಾಗಿಲ ಪಕ್ಕದ ಟೇಬಲ್ಲಲ್ಲಿ ಒಬ್ಬ ಮುದುಕ ಇಂಗ್ಲೆಂಡಿನ ಹಳೇ ಸಿಗರೇಟ್ ಕಾರ್ಡ್ ಇಟ್ಕೊಂಡಿದ್ದ. ಈ ಕಾರ್ಡಿನ ವಂಶದ ಮೂಲಾನೇ ಅದು ಕಣ್ರೀ, ಆಗಿನ ಸಿಗರೇಟ್ ಪ್ಯಾಕು ಮೆತ್ತಗಿನ ಪೇಪರಿಂದು, ಒಳಗೆ ಸಿಗರೇಟ್ ಮುರೀಬಾರದು ಅಂತ ಒಂದು ರಟ್ಟು ಇಡೋರು, ರಟ್ಟು ಖಾಲಿ ಯಾಕೆ ಅಂತ ಅದರ ಮೇಲೆ ಚಿತ್ರ ಹಾಕಿದ್ರು. ವಿಲ್ಸ್ ಕಂಪನಿಯವರು 1896ರಲ್ಲಿ ಕ್ರಿಕೆಟಿಗರದ್ದೇ 50 ಕಾರ್ಡಿನ ಸೆಟ್ ಮಾಡಿದ್ರು. (ಸರಿಯಾಗಿ ನೂರು ವರ್ಷ ಆದ್ಮೇಲೆ 1996ರಲ್ಲಿ ನಮ್ಮಲ್ಲಿ ವಿಲ್ಸ್ ವಿಶ್ವಕಪ್, ಹೆಸರು ನೋಡಿ ಅದೇ.) ಸುಮ್ನೆ ಡಬ್ಬ ಸರಿಸ್ತಿದ್ದೆ, ಒಂದು ಕಡೆ ಕೈ ನಿಂತುಹೋಯ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಾರ್ಡು, ಬ್ಯಾಟು ಹಿಡ್ಕೊಂಡ ಕಪ್ಪು ಮೈಬಣ್ಣದ ತೆಳ್ಳಗಿನ ಮನುಷ್ಯ, ಕೆಳಗೆ ರಣಜಿತ್‌ಸಿಂಹಜಿ ಅಂತ ಹೆಸರು (ರಣಜಿ ಟ್ರೋಫಿ ಇದೆಯಲ್ಲ, ಆ ರಣಜಿ ಇವರೇ). ಆರು ವರ್ಷದಿಂದ ಸಾವಿರಾರು ಮುಖ ಸರಿಸಿದ್ದೆ, ನಮ್ಮೋರ ಮುಖ ಒಂದೂ ಬಂದಿರ್ಲಿಲ್ಲ. ಮುದುಕನಿಗೆ ಆ ಹೆಸರು ಹೇಳಕ್ಕೆ ಬರ್ಲಿಲ್ಲ, ನಾನೇ ಮೂರು ಸಲ ಹೇಳಿಕೊಟ್ಟೆ, ಮೂರನೇ ಸಲಕ್ಕೆ ಹತ್ತಿರತ್ತಿರ ಬಂದ. ಚೌಕಾಸಿ ಮಾಡ್ಲಿಲ್ಲ, ಕೇಳಿದಷ್ಟು ಕೊಟ್ಟು ಬಂದೆ. ಈಗ ಇಲ್ಲೇ, ನಮ್ಮನೆ ಬೀರುವಲ್ಲಿದೆ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ನಮ್ಮಣ್ಣನ ಹಳೇ ಟ್ರಂಕಲ್ಲಿ ಬಿಗ್ ಫನ್ ಬಬಲ್‌ಗಮ್ ಕಾರ್ಡು, ಕುಸ್ತಿಯವರ ಟ್ರಂಪ್ ಕಾರ್ಡು, ಸ್ಪೋರ್ಟ್‌ಸ್ಟಾರ್ ಪೋಸ್ಟರು ಸಿಕ್ಕಿದೆ. ಅಣ್ಣ ಬಿಸಾಕು ಅಂತಾನೆ. ಲಕ್ಷ ಬೆಲೆ ಬಾಳುತ್ತಾ?

ಉತ್ತರ: ಲಕ್ಷ ಮರ್ತುಬಿಡಿ ಮಾರಾಯ್ರೇ, ಬಿಸಾಕೋದನ್ನೂ ಮರ್ತುಬಿಡಿ.

ಬಿಗ್ ಫನ್ ಅಂದ ತಕ್ಷಣ ನಂಗೆ ನಮ್ಮಕ್ಕನ ಮಗ ಕಣ್ಮುಂದೆ ಬರ್ತಾನೆ. ಗಮ್ಮಿನ ಜೊತೆ ಬರೋ ಚೀಟಿಲಿ ಇಷ್ಟು ರನ್, ಇಷ್ಟು ವಿಕೆಟ್ ಅಂತ ಇರೋದು, ಅದನ್ನ ಕೂಡಿಸಿ ಅಂಗಡಿಗೆ ಕೊಟ್ರೆ ಪುಟ ಪರಪರ ಅಂತ ಬಿಟ್ರೆ ಆಟಗಾರ ಬ್ಯಾಟ್ ಬೀಸೋ ಪುಟಾಣಿ ಪುಸ್ತಕ. ಆ ಹುಡುಗನಿಗೆ ರನ್ ಎಲ್ಲಾ ಬಂದು ವಿಕೆಟ್ ಬೀಳ್ತಿರ್ಲಿಲ್ಲ, ವಿಕೆಟ್ಟಿಗೋಸ್ಕರ ಇಡೀ ಸಂತೆಪೇಟೆ ಅಂಗಡಿ ಅಂಗಡಿ ಸುತ್ತೋನು, ಗಮ್ ಅಗಿದು ಅಗಿದು ದವಡೆ ನೋವು ಅಂತ ರಾತ್ರಿ ಅಳೋನು. ರಜಕ್ಕೆ ಬಂದಾಗ ನಾನೇ ಕಣ್ಣಾರೆ ನೋಡಿದೀನಿ. ಆಮೇಲೆ 1999ರಲ್ಲಿ ಬ್ರಿಟಾನಿಯಾ ಬಿಸ್ಕತ್ತಿನ ಕವರ್ ಮೇಲಿನ ರನ್ ನೂರು ಮಾಡೋ ಹುಚ್ಚು ಬಂತಲ್ಲ, ಆಗ ದೊಡ್ಡೋರೇ ಶುರು ಹಚ್ಕೊಂಡ್ರು, ವಿಶ್ವಕಪ್ ನೋಡಕ್ಕೆ ಇಂಗ್ಲೆಂಡಿಗೆ ಹೋಗ್ತೀವಿ ಅಂತ. ನಮ್ಮ ಬೀದಿಯಿಂದ ಯಾರೂ ಹೋಗ್ಲಿಲ್ಲ, ಬಿಸ್ಕತ್ ಮಾತ್ರ ಎರಡು ತಿಂಗಳು ತಿಂದ್ವಿ.

ಟ್ರಂಪ್ ಕಾರ್ಡಲ್ಲಿ (ಕಾರ್ಡಿನ ಮೇಲಿನ ಲೆಕ್ಕ ಹೋಲಿಸಿ, ಜಾಸ್ತಿ ಇದ್ದೋನು ಗೆಲ್ಲೋ ಆಟ) ಪೂರ್ತಿ ಸೆಟ್ ಇದ್ಯಾ ನೋಡಿ, ಡಬ್ಬಿ ಸಮೇತ ಇದ್ರೆ ಕೇಳೋ ಜನ ಇದಾರೆ. ಆಡಿ ಆಡಿ ಅಂಚು ಬೆಳ್ಳಗಾಗಿದ್ರೆ ಬೆಲೆ ಕಮ್ಮಿ, ಆದ್ರೆ ನಿಮ್ಮಣ್ಣ ಎಷ್ಟು ಆಡಿದಾನೆ ಅಂತ ಅದೇ ಸಾಕ್ಷಿ. ಪೋಸ್ಟರಿನ ಮಧ್ಯೆ ಸ್ಟೇಪ್ಲರ್ ಪಿನ್ ಇದ್ರೆ ಇವತ್ತೇ ತೆಗೀರಿ, ತುಕ್ಕು ಹಿಡಿಯುತ್ತೆ. ಬಿಸಾಕು ಅನ್ನೋ ಅಣ್ಣನ ಮುಂದೆ ಒಂದ್ಸಲ ಎಲ್ಲಾ ಹರವಿ ಕೂರಿ, ಆಮೇಲೆ ಟ್ರಂಕ್ ಬೀಗದ ಕೈ ಯಾರ ಜೇಬಲ್ಲಿ ಇರುತ್ತೆ ನೋಡಿ ಬರೀರಿ ನಂಗೆ.

ಪ್ರಶ್ನೆ (ಹಾಸನದಿಂದ, ಹೆಸರು ಬೇಡ ಅಂದಿದಾರೆ): ನಮ್ಮೆಜಮಾನ್ರು ರಿಟೈರ್ ಆದ್ಮೇಲೆ ಮೊಬೈಲಲ್ಲಿ ನೋಡ್ಕೊಂಡು ಕ್ರಿಕೆಟ್ ಕಾರ್ಡ್ ತರಿಸ್ತಾರೆ. ಕೇಳಿದ್ರೆ ಇನ್ವೆಸ್ಟ್‌ಮೆಂಟ್ ಅಂತಾರೆ. ನಿಜಾನಾ ಅಣ್ಣಾ, ಇಲ್ಲ ದುಡ್ಡು ದಂಡಾನಾ?

ಉತ್ತರ: ತಾಯಿ, ಇನ್ವೆಸ್ಟ್‌ಮೆಂಟ್ ಅನ್ನೋ ಮಾತು ಬಂದ್ರೆ ಪರ್ಸ್ ನಿಮ್ಮ ಕೈಲಿ ಇಟ್ಕೊಳ್ಳಿ.

ಅವರು ತೋರಿಸ್ತಿರೋ ಸುದ್ದಿ ನಂಗೆ ಗೊತ್ತು. ಮಿಕ್ಕಿ ಮ್ಯಾಂಟಲ್ ಅನ್ನೋ ಬೇಸ್‌ಬಾಲ್ ಆಟಗಾರನ 1952ರ ಟಾಪ್ಸ್ ಕಾರ್ಡು 2022ರ ಆಗಸ್ಟಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯ್ತು. ಸುಳ್ಳಲ್ಲ. ಅದನ್ನೇ 1991ರಲ್ಲಿ ನ್ಯೂಯಾರ್ಕಿನ ಒಂದು ಕಾರ್ಡ್ ಶೋನಲ್ಲಿ 50,000 ಡಾಲರಿಗೆ ಒಬ್ರು ತಗೊಂಡಿದ್ರು. ಆದ್ರೆ ಯಾಕೆ ಅಷ್ಟು ಅಂತಾನೂ ಕೇಳಿ: ಆ ಸೆಟ್ಟಿನ ಖರ್ಚಾಗದ ಕಾರ್ಡನ್ನ ಗೋಡೌನಲ್ಲಿ ಜಾಗ ಇಲ್ಲ ಅಂತ ಕಂಪನಿಯವರೇ 1960ರಲ್ಲಿ ಕಸದ ದೋಣಿಗೆ ತುಂಬ್ಸಿ ಸಮುದ್ರಕ್ಕೆ ಸುರಿಸಿಬಿಟ್ರು ಅಂತ ಅಲ್ಲಿ ಕೆಲಸ ಮಾಡ್ತಿದ್ದವರೇ ಹೇಳಿದಾರೆ. ಮಿಕ್ಕಿದ್ದನ್ನ ಅಮ್ಮಂದಿರು ಗುಡಿಸಿ ಬಿಸಾಕಿದ್ರು. ಉಳಿದಿದ್ದು ಕಮ್ಮಿ, ಅದಕ್ಕೇ ಬೆಲೆ.

ನಾನಿದ್ದ ಕಾಲದಲ್ಲಿ ಆಗಿದ್ದು ಉಲ್ಟಾ. ಹಳೇ ಕಾರ್ಡಿಗೆ ಇಷ್ಟು ದುಡ್ಡಾ ಅಂತ ಗೊತ್ತಾದ ಮೇಲೆ ಎಲ್ರೂ ಪ್ಯಾಕೆಟ್ ಒಡೀದೆ ಪೆಟ್ಟಿಗೆ ಪೆಟ್ಟಿಗೆ ಕೂಡಿಟ್ರು, ಕಂಪನಿಗಳೂ ಲೆಕ್ಕ ಇಲ್ಲದಷ್ಟು ಪ್ರಿಂಟ್ ಹೊಡೆದ್ರು. ಯಾರೂ ಬಿಸಾಕ್ಲಿಲ್ಲ ಅಂದ್ಮೇಲೆ ಯಾವುದೂ ಅಪರೂಪ ಆಗ್ಲಿಲ್ಲ. ಆ ಕಾಲಕ್ಕೇ ಈಗ 'ಜಂಕ್ ವ್ಯಾಕ್ಸ್' ಅಂತ ಹೆಸರು, ಜಂಕ್ ಅಂದ್ರೆ ಗುಜರಿ, ವ್ಯಾಕ್ಸ್ ಅಂದ್ರೆ ಪ್ಯಾಕೆಟ್ಟಿನ ಮೇಣದ ಕಾಗದ. ಕಾಫಿಗೆ ರೇಟ್ ಬಂತು ಅಂತ ಊರಿಗೆ ಊರೇ ಗಿಡ ಹಾಕಿದ್ರೆ ಏನಾಗುತ್ತೆ ಅಂತ ನಮ್ಮ ಜಿಲ್ಲೆಯೋರಿಗೆ ನಾನು ಹೇಳ್ಬೇಕಾ.

ನಾನೂ ಏನು ಬುದ್ಧಿವಂತ ಅಲ್ಲ. ಒಂದು ಶೋನಲ್ಲಿ ದೊಡ್ಡ ಆಟಗಾರನ ಸಹಿ ಇರೋ ಕಾರ್ಡು ಅಂತ ನಲವತ್ತು ಡಾಲರ್ ಕೊಟ್ಟು ತಂದೆ, ಎದೆಗವುಚ್ಕೊಂಡು ಬಂದೆ. ಎರಡು ವಾರ ಆದ್ಮೇಲೆ ಗೆಳೆಯ ಅದನ್ನ ಓರೆ ಮಾಡಿ ನೋಡಿ, ಆಟಗಾರನ ಹೆಸರಿನ ಸ್ಪೆಲಿಂಗೇ ತಪ್ಪಿದೆ ಅಂದ. ತನ್ನ ಹೆಸರು ತಾನೇ ತಪ್ಪು ಬರ್ಕೊಳ್ಳೋ ಆಟಗಾರ ಎಲ್ಲಾದ್ರೂ ಇದಾನಾ! ಅದಾದ ಮೇಲೆ ಐದು ಸೆಂಟಿನ ಡಬ್ಬಕ್ಕೇ ವಾಪಸ್ ಹೋದೆ, ಖುಷಿನೂ ಅಲ್ಲೇ ಜಾಸ್ತಿ ಸಿಕ್ತು. ಎಜಮಾನ್ರಿಗೆ ತಿಂಗಳಿಗಿಷ್ಟು ಅಂತ ಮಿತಿ ಹಾಕಿ, ಪೂರ್ತಿ ನಿಲ್ಲಿಸ್ಬೇಡಿ. ಮನೇಲಿ ಕೂತು ಟಿವಿ ಚರ್ಚೆ ನೋಡೋದಕ್ಕಿಂತ ವಾಸಿ.

ಪ್ರಶ್ನೆ (ಮೂಡಿಗೆರೆಯಿಂದ): ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ಬಟ್ಟೆನೇ ಒಣಗಲ್ಲ. ಕಾರ್ಡು, ಪೋಸ್ಟರು ಎಲ್ಲಾ ಮುಗ್ಗು ಹಿಡಿದು ಅಂಟ್ಕೊಳ್ಳುತ್ತೆ, ಬೆಳ್ಳಿಹುಳ ಬೇರೆ. ಲ್ಯಾಮಿನೇಷನ್ ಮಾಡಿಸಿಬಿಡ್ಲಾ?

ಉತ್ತರ: ಅಯ್ಯೋ ಬೇಡಿ, ದಮ್ಮಯ್ಯ. ಒಂದ್ಸಲ ಲ್ಯಾಮಿನೇಷನ್ ಆಯ್ತು ಅಂದ್ರೆ ಬಿಡಿಸಕ್ಕೆ ಬರಲ್ಲ, ಬೆಲೆನೂ ಅಲ್ಲಿಗೆ ಮುಗೀತು. ಸೆಲ್ಲೋಟೇಪೂ ಬೇಡ, ಹತ್ತು ವರ್ಷಕ್ಕೆ ಕಂದುಬಣ್ಣದ ಪಟ್ಟಿ ಬಿಡುತ್ತೆ.

ರಬ್ಬರ್ ಬ್ಯಾಂಡ್ ಹಾಕಿದ್ರೆ ಮೊದಲು ತೆಗೀರಿ. ನಮ್ಮಕ್ಕನ ಮಗ ತನ್ನ ಕಾರ್ಡನ್ನೆಲ್ಲಾ ಬೋರ್ನ್‌ವಿಟಾ ಡಬ್ಬಿಲಿ ರಬ್ಬರ್ ಬ್ಯಾಂಡ್ ಹಾಕಿ ಅಟ್ಟಕ್ಕೆ ಎಸೆದಿದ್ದ, ಹದಿನೈದು ವರ್ಷ ಆದ್ಮೇಲೆ ಇಳಿಸಿದ್ರೆ ಬ್ಯಾಂಡು ಕರಗಿ ಬೆಲ್ಲದ ಪಾಕ ಆಗಿ ಮೊದಲನೇ ಮತ್ತೆ ಕೊನೇ ಕಾರ್ಡಿಗೆ ಅಂಟ್ಕೊಂಡಿತ್ತು, ಮಧ್ಯದವಕ್ಕೆಲ್ಲಾ ಸೊಂಟದಲ್ಲಿ ಕಚ್ಚು. ಕೊನೇ ಕಾರ್ಡು ಹಾಳಾಗೋದು ಅಮೆರಿಕದಲ್ಲೂ ಇತ್ತು, ಟಾಪ್ಸ್ ಪ್ಯಾಕೆಟ್ಟಲ್ಲಿ 1991ರ ತನಕ ಗಮ್ ಇಡ್ತಿದ್ರು, ಅದರ ಎಣ್ಣೆ ಪಕ್ಕದ ಕಾರ್ಡಿಗೆ ಇಳಿದು ಕಲೆ. ಗಮ್ ಏನು ರುಚಿನೂ ಇರ್ಲಿಲ್ಲ, ಹೆಂಚಿನ ಚೂರು ಕಚ್ಚಿದಂಗೆ.

ಹಾಳೆಗೆ ಒಂಬತ್ತು ಜೇಬಿರೋ ಪ್ಲಾಸ್ಟಿಕ್ ಫೈಲ್ ಸಿಗುತ್ತೆ, ಆದ್ರೆ ಪಿವಿಸಿದು ತಗೋಬೇಡಿ. ಹೊಸ ಮಳೆಕೋಟಿನ ವಾಸನೆ ಬಂದ್ರೆ ಅದು ಪಿವಿಸಿ ಅನ್ಕೊಳ್ಳಿ, ಅದು ಬೆವರಿ ಪ್ರಿಂಟಿಗೆ ಅಂಟ್ಕೊಳ್ಳುತ್ತೆ. ಪಾಲಿಪ್ರೊಪಿಲೀನ್ ಅಂತ ಕೇಳಿ ತರಿಸಿ. ಫೈಲನ್ನ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಟ್ಟು ನೀಲಿ ಸಿಲಿಕಾ ಜೆಲ್ ಒಂದು ಬಟ್ಟೆ ಗಂಟಲ್ಲಿ ಹಾಕಿಡಿ, ನೀರು ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಬಾಣಲೆಲಿ ಸಣ್ಣ ಉರಿಲಿ ಬಿಸಿ ಮಾಡಿ, ಮತ್ತೆ ನೀಲಿ ಆಗುತ್ತೆ (ಆ ಬಾಣಲೆ ಅಡುಗೆಗೆ ವಾಪಸ್ ಬೇಡ). ಬೆಳ್ಳಿಹುಳಕ್ಕೆ ಗಂಜಿ, ಅಂಟು ಅಂದ್ರೆ ಹೋಳಿಗೆ ಊಟ, ಆದ್ದರಿಂದ ಮೈದಾ ಅಂಟಲ್ಲಿ ಅಂಟಿಸಿದ ಹಳೇ ಆಲ್ಬಮ್ ಇದ್ರೆ ಬೇರೆ ಡಬ್ಬಕ್ಕೆ ಹಾಕಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡೋರು ಇದಾರೆ, ಬೆಚ್ಚಗೇನೋ ಇರುತ್ತೆ, ಹೊಗೆಗೆ ಗವಾಸ್ಕರ್ ಗುರುತೇ ಸಿಗಲ್ಲ. ಮಳೆ ಮುಗಿದ ಮೇಲೆ ನೆರಳಲ್ಲಿ ಗಾಳಿಗೆ ಹರವಿ, ಬಿಸಿಲಿಗಲ್ಲ.

ಪ್ರಶ್ನೆ (ಅರಸೀಕೆರೆಯಿಂದ): ನಮ್ಮ ಹಾಸನ ಜಿಲ್ಲೆಯೋರ ಕಾರ್ಡ್ ಯಾವುದಾದ್ರೂ ನಿಮ್ಮ ಹತ್ರ ಇದ್ಯಾ? ಜಾವಗಲ್ ಶ್ರೀನಾಥ್ ಬಿಟ್ಟು ನಮ್ಮೂರಿನ ಡೇವಿಡ್ ಜಾನ್ಸನ್ ಬಗ್ಗೆ ಯಾರೂ ಮಾತೇ ಆಡಲ್ಲ.

ಉತ್ತರ: ಇದೊಂದು ಪ್ರಶ್ನೆಗೆ ಎರಡು ದಿನ ತಗೊಂಡೆ.

ಜಾವಗಲ್ಲಿಂದ ಶುರು ಮಾಡ್ತೀನಿ. ಶ್ರೀನಾಥ್ ಹುಟ್ಟಿದ್ದು ಮೈಸೂರಲ್ಲಿ ಇರಬಹುದು, ಆದ್ರೆ ಹೆಸರಿನ ಮುಂದಿರೋದು ನಿಮ್ಮ ತಾಲ್ಲೂಕಿನ ಊರು. ಅಕ್ಕನ ಮಗನ ಕ್ರಿಕೆಟ್ ಟ್ರಂಪ್ ಕಾರ್ಡಲ್ಲಿ ಅವರ ಕಾರ್ಡು ಕೈಗೆ ಬಂದ್ರೆ ಆ ಹುಡುಗ "ಊರಿಂದು ಬಂತು" ಅನ್ನೋನು. ಬ್ಯಾಟಿಂಗ್ ಲೆಕ್ಕದಲ್ಲಿ ಕೇಳಿದ್ರೆ ಸೋಲ್ತೀವಿ ಅಂತ ಗೊತ್ತಿದ್ರೂ ಆ ಕಾರ್ಡನ್ನ ಕೆಳಗೆ ಬಚ್ಚಿಡ್ತಿದ್ದ. ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇದ್ರೂ ಎಷ್ಟೋ ಜನಕ್ಕೆ ಜಾವಗಲ್ ಎಲ್ಲಿದೆ ಗೊತ್ತಿರ್ಲಿಲ್ಲ, ಒಂದು ಕಾರ್ಡು ಆ ಹೆಸರನ್ನ ದೇಶದ ಎಲ್ಲಾ ಮಕ್ಕಳ ಬಾಯಿಗೆ ಹಾಕ್ತು.

ಜಾನ್ಸನ್ ಅರಸೀಕೆರೆಲಿ ಹುಟ್ಟಿದವರು. ನಾನು ಅಮೆರಿಕ ಬಿಟ್ಟು ಬಂದಿದ್ದು 1996ರ ಬೇಸಿಗೆಲಿ, ಬಂದ್ಮೇಲೆ ಮನೆ ಟಿವಿಲಿ ಕೂತು ಪೂರ್ತಿ ನೋಡಿದ ಮೊದಲ ಟೆಸ್ಟು ಅಕ್ಟೋಬರಿನ ದೆಹಲಿ ಟೆಸ್ಟು, ಆಸ್ಟ್ರೇಲಿಯಾ ಮೇಲೆ, ತೆಂಡೂಲ್ಕರ್ ಕ್ಯಾಪ್ಟನ್ ಆದ ಮೊದಲನೇದು. ಶ್ರೀನಾಥ್‌ಗೆ ಪೆಟ್ಟಾಗಿತ್ತು, ಜಾಗಕ್ಕೆ ಜಾನ್ಸನ್ ಬಂದ್ರು. ಕುಂಬ್ಳೆ, ಪ್ರಸಾದ್, ಸುನಿಲ್ ಜೋಶಿ, ದ್ರಾವಿಡ್, ಜಾನ್ಸನ್, ಹನ್ನೊಂದರಲ್ಲಿ ಐದು ಜನ ನಮ್ಮೋರು, ಯಾವ ಮ್ಯಾಚ್ ನೋಡ್ತಿದೀನಿ, ರಣಜಿನಾ ಟೆಸ್ಟಾ ಅನ್ನೋ ಹಂಗಾಗಿತ್ತು. ಜಾನ್ಸನ್ ಓಡಿ ಬರೋದು ಅಂದ್ರೆ ಇಳಿಜಾರಲ್ಲಿ ಬ್ರೇಕ್ ಇಲ್ಲದ ಸೈಕಲ್. ಆ ಮ್ಯಾಚ್ ಗೆದ್ವಿ.

ಅಷ್ಟೊತ್ತಿಗೆ ನನ್ನ ಕಣ್ಣು ಕಾರ್ಡಿಗೆ ಪಳಗಿತ್ತಲ್ಲ, ಮಾರನೇ ದಿನದ ಪೇಪರಲ್ಲಿ ಅವರ ಫೋಟೋ ಬಂದಿದ್ದೇ ಕತ್ತರಿ ತಗೊಂಡೆ. ಚಿಕ್ಕೋನಿದ್ದಾಗಿನ ಅಭ್ಯಾಸನೇ ಅದು. 1974ರಲ್ಲಿ ಪ್ರಸನ್ನ ಕ್ಯಾಪ್ಟನ್ಸಿಲಿ ಕರ್ನಾಟಕ ಮೊದಲನೇ ಸಲ ರಣಜಿ ಗೆದ್ದಾಗ, ಹದಿನೈದು ವರ್ಷ ಬಿಡದೆ ಗೆದ್ದಿದ್ದ ಬಾಂಬೆನ ಸೆಮಿಫೈನಲಲ್ಲಿ ಮನೆಗೆ ಕಳ್ಸಿದಾಗ, ವಿಶ್ವನಾಥ್, ಚಂದ್ರಶೇಖರ್ ಫೋಟೋ ಎಲ್ಲಾ ನೋಟ್‌ಬುಕ್ಕಿಗೆ ಅನ್ನದ ಅಗುಳಲ್ಲಿ ಅಂಟಿಸಿದ್ದೆ, ಅಮೆರಿಕದಿಂದ ಬರೋ ಹೊತ್ತಿಗೆ ಅದನ್ನ ಅಮ್ಮ ಹಳೇ ಪೇಪರಿನವನಿಗೆ ಹಾಕಿದ್ರು. ಈ ಸಲ ಬಿಡಬಾರದು ಅಂತ ಒಂದು ಲಗ್ನಪತ್ರಿಕೆಯ ದಪ್ಪ ರಟ್ಟನ್ನ ಟಾಪ್ಸ್ ಕಾರ್ಡಿನ ಅಳತೆಗೆ ಕತ್ತರಿಸಿ, ಮುಂದೆ ಜಾನ್ಸನ್ ಫೋಟೋ, ಹಿಂದೆ ಇಂಕ್ ಪೆನ್ನಲ್ಲಿ ಬರ್ದೆ: ಹುಟ್ಟೂರು ಅರಸೀಕೆರೆ, ಬಲಗೈ ವೇಗ, ಟೆಸ್ಟ್ 1. ಡಿಸೆಂಬರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಲ್ಲಿ ಆಡಿದ ಮೇಲೆ 1 ಹೊಡೆದು 2 ಮಾಡ್ದೆ. ವಿಕೆಟ್ ಒಟ್ಟು 3. ಮತ್ತೆ ತಿದ್ದಬೇಕಾಗುತ್ತೆ ಅಂತ ಪಕ್ಕದಲ್ಲಿ ಜಾಗ ಬಿಟ್ಟಿದ್ದೆ, ತಿದ್ದೋದು ಬರ್ಲೇ ಇಲ್ಲ. 2024ರ ಜೂನಲ್ಲಿ ಅವರು ಹೋದ್ರು ಅಂತ ಸುದ್ದಿ ಬಂದ ದಿನ ಡಬ್ಬ ತೆಗ್ದು ನೋಡ್ದೆ, ಇಂಕು ಸ್ವಲ್ಪ ಮಾಸಿದೆ, ಫೋಟೋ ಚೆನ್ನಾಗಿದೆ. ಅಂಗಡಿಲಿ ಮಾರೋ ಅವರ ಕಾರ್ಡ್ ನನ್ನ ಹತ್ರ ಇಲ್ಲ. ಇದೇ ಇರೋದು.

ಪ್ರಶ್ನೆ (ಕಡೂರಿನಿಂದ, ಪಿಯುಸಿ ವಿದ್ಯಾರ್ಥಿನಿ): ನಂಗೂ ಕಾರ್ಡ್ ಕೂಡಿಡೋ ಆಸೆ ಅಂಕಲ್. ಎಲ್ಲಿಂದ ಶುರು ಮಾಡ್ಲಿ? ಜಾಸ್ತಿ ದುಡ್ಡಿಲ್ಲ.

ಉತ್ತರ: ನಿಮ್ಮೂರಿಂದಲೇ ಶುರು ಮಾಡಮ್ಮ. ವೇದಾ ಕೃಷ್ಣಮೂರ್ತಿ ಕಡೂರಿನವರು, ಅವರ ಕಾರ್ಡು ನೀನೇ ಮಾಡು, ಮೇಲೆ ಹೇಳಿದ ಲಗ್ನಪತ್ರಿಕೆ ರಟ್ಟು ಎಲ್ಲಾರ ಮನೇಲೂ ಇರುತ್ತೆ. ಹಿಂದುಗಡೆ ಬರಿಯಕ್ಕೆ ಬೇಕಾದಷ್ಟಿದೆ: 2011ರಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಒಂಡೇಲೇ ಅರ್ಧಶತಕ, 2017ರ ಮಹಿಳಾ ವಿಶ್ವಕಪ್ಪಲ್ಲಿ ನ್ಯೂಜಿಲೆಂಡ್ ಮೇಲೆ 45 ಬಾಲಿಗೆ 70, ಆಮೇಲೆ ಲಾರ್ಡ್ಸ್ ಫೈನಲಲ್ಲಿ 35, ಆ ಮ್ಯಾಚ್ ಬರೀ 9 ರನ್ನಲ್ಲಿ ಹೋಯ್ತು (ಆ ರಾತ್ರಿ ನಮ್ಮನೇಲಿ ಊಟ ಯಾರಿಗೂ ಸೇರ್ಲಿಲ್ಲ). ದುಡ್ಡು ಸ್ವಲ್ಪ ಕೂಡಿದ್ರೆ ಕ್ರಿಕೆಟ್ ಅಂಚೆಚೀಟಿ ಹುಡುಕು: 1973ರ ರಣಜಿ ಚೀಟಿ, 1996ರಲ್ಲಿ ಬಂದ ಸಿ.ಕೆ. ನಾಯುಡು, ವಿನೂ ಮಂಕಡ್, ದೇವಧರ್, ವಿಜಯ್ ಮರ್ಚೆಂಟ್ ನಾಲ್ಕು, 2013ರ ಸಚಿನ್ ಚೀಟಿ. ಸಚಿನ್ ಚೀಟಿ ಸುಲಭಕ್ಕೆ ಸಿಗುತ್ತೆ.

ಪ್ರಶ್ನೆ (ಬೇಲೂರಿನಿಂದ): ಇಷ್ಟೆಲ್ಲಾ ಹೇಳ್ತೀರಲ್ಲ, ನಮ್ಮ ಕಡೆ ಒಂದು ಕಾರ್ಡ್ ಶೋ ಮಾಡಬಾರದಾ?

ಉತ್ತರ: ಹಾಲ್ ಬಾಡಿಗೆ ಕೇಳಿ ಬಂದೆ, ತಲೆ ತಿರುಗ್ತು. ಅದಕ್ಕೆ ಡಿಸೆಂಬರ್ ಎರಡನೇ ಭಾನುವಾರ ನಮ್ಮನೆ ಜಗಲಿ ಮೇಲೆನೇ ಇಟ್ಕೊಂಡಿದೀನಿ, ಬೆಳಗ್ಗೆ ಹತ್ತಕ್ಕೆ. ಬರೋರು ಪತ್ರಿಕೆ ವಿಳಾಸಕ್ಕೆ ಒಂದು ಸಾಲು ಬರೀರಿ, ದಾರಿ ತಿಳಿಸ್ತೀನಿ. ಎರಡು ಬೆಂಚಿದೆ, ಪಕ್ಕದ ಮನೆಯವರು ಇನ್ನೊಂದು ಕೊಡ್ತಾರಂತೆ. ಟಿಕೆಟ್ ಇಲ್ಲ, ಸೀಲೂ ಇಲ್ಲ, ಕಾಫಿ ಇದೆ. ಚಿಕ್ಕಮಗಳೂರಿನ ಟ್ರಂಕ್ ಅಣ್ಣ ತಮ್ಮ ಇಬ್ರೂ ಬರ್ಬೇಕು. ಮಕ್ಕಳು ಬಂದ್ರೆ ಅವರ ಜೊತೆ ಸರಿಸಮ ಚೌಕಾಸಿ ಮಾಡ್ಬೇಕು, ಚಾಕ್ಲೇಟ್ ಕೊಟ್ಟು ಕಾರ್ಡ್ ಹೊಡೆಯೋ ದೊಡ್ಡೋರಿಗೆ ಕಾಫಿ ಇಲ್ಲ. ಟಾಪ್ಸ್ ಕಾರ್ಡು ಒಂದು ಡಬ್ಬ ಇಟ್ಟಿರ್ತೀನಿ, ಯಾವುದು ಬೇಕಾದ್ರೂ ಬದಲಾಯಿಸ್ಕೊಳ್ಳಿ, ಒಳ್ಳೆ ಮನಸ್ಸಿದ್ರೆ ರಣಜಿ ಕಾರ್ಡ್ ಬಗ್ಗೆನೂ ಮಾತಾಡೋಣ. ಜಾನ್ಸನ್ ಕಾರ್ಡ್ ಮಾತ್ರ ಕೇಳ್ಬೇಡಿ, ಕೈ ತೊಳ್ಕೊಂಡು ಬಂದ್ರೆ ಹಿಡ್ದು ನೋಡಕ್ಕೆ ಕೊಡ್ತೀನಿ.